ಜುಲೈ ತಿಂಗಳ ಕಿವುಡು

ಸತ್ತವರು ದೇಣಿಗೆ ಕಳಿಸಿದ್ದಾರೆಂಬ ಸಂಗತಿ ಥ್ಯಾಂಕ್ಸ್ ಮೇಡಂಗೆ ಗೊತ್ತಾದದ್ದು ಮಧ್ಯಾಹ್ನ, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ. ಪಕ್ಕದ ಮೇಜಿನ ಲೆಕ್ಕಿಗ ಟಪಾಲು ಬಿಚ್ಚುತ್ತಿದ್ದವನು ಒಂದು ಚೆಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದ, ಕಂಪ್ಯೂಟರ್ ನೋಡಿದ, ಮತ್ತೆ ಚೆಕ್ಕು ನೋಡಿದ. ಅವನ ಮುಖ ಸುಣ್ಣದ ಹಾಗಾಯಿತು ಎಂದರೆ ಹೆಚ್ಚಾದೀತು. ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುವುದನ್ನು ನಿಲ್ಲಿಸಿದ್ದಂತೂ ನಿಜ.

“ಮೇಡಂ, ನಿಮ್ಮ ಜುಲೈ ಕಿವುಡಮ್ಮ ಏಪ್ರಿಲ್‌ನಲ್ಲೇ ತೀರಿಕೊಂಡ್ರಲ್ವಾ?” ಎಂದ. “ಅವರ ಚೆಕ್ ಬಂದಿದೆ. ಮೊನ್ನೆಯ ತಾರೀಕು ಹಾಕಿದ್ದಾರೆ.”

ಥ್ಯಾಂಕ್ಸ್ ಮೇಡಂ ತೆಗೆದ ಮುಚ್ಚಳವನ್ನು ಹಾಗೇ ಮುಚ್ಚಿಟ್ಟಳು.

ಥ್ಯಾಂಕ್ಸ್ ಮೇಡಂ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ, ಮ್ಯೂಸಿಯಂನ ಕಾವಲುಗಾರರು ಇಟ್ಟದ್ದು. ಅವಳ ಕೆಲಸವೇ ಅದು. ಸರ್ಕಾರ ಕೊಡುವ ಹಣ ದೀಪ ಉರಿಸುವುದಕ್ಕೂ ಸೋರುವ ಚಾವಣಿ ಮುಚ್ಚುವುದಕ್ಕೂ ಮುಗಿದುಹೋಗುತ್ತಿತ್ತು. ಒಳಗಿನ ವಸ್ತುಗಳ ಆರೈಕೆಗೆ ಜನರೇ ಕೈಯೆತ್ತಿ ಕೊಡಬೇಕು. ಕಂಪನಿಗಳನ್ನು ಕೇಳುವುದಕ್ಕೆ ಕೋಟು ಹಾಕಿಕೊಂಡ ಬೇರೆಯವರಿದ್ದರು. ಒಬ್ಬೊಬ್ಬರಾಗಿ ಕೊಡುವ ಸಾಮಾನ್ಯ ಮನುಷ್ಯರೆಲ್ಲ ಅವಳ ಪಾಲು. ನಿವೃತ್ತ ಮೇಷ್ಟ್ರೊಬ್ಬರು ಚಿಟ್ಟೆಗಳ ಪೆಟ್ಟಿಗೆಗೆ ಕೊಡುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ಹಿಂದಿನ ಕಾಲದ ಹಲ್ಲು ಕೀಳುವ ಇಕ್ಕಳಗಳಿಗೆ ಕೊಡುತ್ತಿದ್ದರು. ತಿಮಿಂಗಿಲದ ದವಡೆಯ ಮುಂದೆ ಮೊದಲ ಸಲ ಪರಸ್ಪರ ನೋಡಿದ ಗಂಡ ಹೆಂಡತಿ, ಪ್ರತಿವರ್ಷ ಜಗಳವಾಡುತ್ತಲೇ ಬಂದು ಆ ದವಡೆಗೆ ಕೊಟ್ಟು ಹೋಗುತ್ತಿದ್ದರು. ಮನೆಗೆ ಒಯ್ಯುವಂತಿಲ್ಲ, ಮುಟ್ಟುವಂತೆಯೂ ಇಲ್ಲ, ಆದರೂ ಅದು ಚೆನ್ನಾಗಿರಲಿ ಎಂದು ಕೊಡುತ್ತಾರಲ್ಲ ಎಂದು ಅವಳಿಗೆ ಇಷ್ಟು ವರ್ಷವಾದರೂ ಬೆರಗು. ಆ ಬೆರಗೇ ಅವಳ ಬಂಡವಾಳ.

ಅದಕ್ಕೇ ಅವಳು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು. ಯಾರೇ ಕೊಡಲಿ, ಎಷ್ಟೇ ಕೊಡಲಿ, ಫೋನ್ ಮಾಡಿ ಬಾಯಾರೆ ಥ್ಯಾಂಕ್ಸ್ ಹೇಳಬೇಕು; ಹೇಳುವಾಗ ಇನ್ನೇನನ್ನೂ ಕೇಳಬಾರದು. ಕೇಳುವ ಫೋನು ಬೇರೆ, ಹೇಳುವ ಫೋನು ಬೇರೆ. ತನ್ನ ಕೈಯಲ್ಲಿ ಒಬ್ಬರೂ ಥ್ಯಾಂಕ್ಸ್ ಇಲ್ಲದೆ ಹೋಗಿಲ್ಲ ಎಂಬುದು ಅವಳ ಹೆಮ್ಮೆ. ಸ್ವಲ್ಪ ಜಂಬ ಎಂದರೂ ನಡೆಯುತ್ತದೆ.

ಜುಲೈ ಕಿವುಡಮ್ಮ ಕೊಡುತ್ತಿದ್ದದ್ದು ಒಂದು ಕ್ಯಾಮೆರಾಗೆ. ಮ್ಯೂಸಿಯಂನ ಮೇಲಂತಸ್ತಿನಲ್ಲಿ ಹಳೆಯ ಫೋಟೋ ಸ್ಟುಡಿಯೋವೊಂದನ್ನು ಇದ್ದ ಹಾಗೇ ತಂದು ನಿಲ್ಲಿಸಿದ ಕೋಣೆಯಿತ್ತು. ಬಣ್ಣದಲ್ಲಿ ಅರಮನೆಯ ಮೆಟ್ಟಿಲು ಬರೆದ ಪರದೆ, ಅದರ ಮುಂದೆ ಕೆತ್ತನೆ ಕಾಲಿನ ಒಂದು ಕುರ್ಚಿ, ಎದುರಿಗೆ ಮೂರು ಕಾಲಿನ ಮೇಲೆ ನಿಂತ ದೊಡ್ಡ ಮರದ ಕ್ಯಾಮೆರಾ. ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಅದರ ಕೆಂಪು ಚರ್ಮಕ್ಕೆ ವರ್ಷಕ್ಕೆರಡು ಸಲ ಎಣ್ಣೆ ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಆ ಎಣ್ಣೆಗೆ, ಅದನ್ನು ಹಚ್ಚುವ ಕೈಗೆ, ಜನವರಿಯಲ್ಲೊಮ್ಮೆ ಜುಲೈನಲ್ಲೊಮ್ಮೆ ಒಂದೇ ಮನೆಯಿಂದ ಚೆಕ್ಕು ಬರುತ್ತಿತ್ತು.

ಜನವರಿಯಲ್ಲಿ ಫೋನ್ ಮಾಡಿದರೆ ಆ ಮುದುಕಿ ಪಿಸುಗುಟ್ಟಿದ್ದೂ ಕೇಳಿಸಿಕೊಳ್ಳುತ್ತಿದ್ದರು. ಚರ್ಮ ಹೇಗಿದೆ, ಪರದೆ ಮಾಸಿಲ್ಲ ತಾನೆ ಎಂದು ವಿಚಾರಿಸುತ್ತಿದ್ದರು. ಅದೇ ಜುಲೈ ಬಂತೆಂದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. “ಜೋರಾಗಿ ಹೇಳಮ್ಮ. ಇನ್ನೂ ಜೋರಾಗಿ” ಎನ್ನುತ್ತಿದ್ದರು. ಥ್ಯಾಂಕ್ಸ್ ಮೇಡಂ ಕುರ್ಚಿಯಿಂದೆದ್ದು ನಿಂತು ಗಂಟಲು ಹರಿಯುವ ಹಾಗೆ, ದೇಣಿಗೆ ಬಂತು, ಕ್ಯಾಮೆರಾ ಚೆನ್ನಾಗಿದೆ, ತುಂಬಾ ತುಂಬಾ ಥ್ಯಾಂಕ್ಸ್ ಎಂದು ಕೂಗಬೇಕಾಗುತ್ತಿತ್ತು. ಕೊನೆಗೆ ಆ ಕಡೆಯಿಂದ “ಹ್ಞೂಂ, ತಲುಪ್ತು” ಎಂದು ಒಂದು ಮಾತು, ಫೋನು ಕಟ್. ಇಡೀ ಕಚೇರಿ ಆ ದಿನಕ್ಕಾಗಿ ಕಾಯುತ್ತಿತ್ತು. ಜನ ಕೆಮ್ಮಿದರೂ ‘ಶ್ಶ್’ ಎನ್ನುವ ಮೇಲಂತಸ್ತಿನ ಕಾವಲುಗಾರ, ಎಲ್ಲರ ಬಾಯಲ್ಲಿ ಶ್ಶಣ್ಣ, ಅಲ್ಲಿಂದ ಇಳಿದು ಬಂದು ಬಾಗಿಲಲ್ಲಿ ತುಟಿಗೆ ಬೆರಳಿಟ್ಟು ನಿಲ್ಲುತ್ತಿದ್ದ. ತಂಡಿಗೆ ಕಿವಿ ಕಟ್ಟಿಕೊಳ್ಳುತ್ತದೇನೋ, ವಯಸ್ಸಾದವರು ಎಂದು ಅವಳು ಸುಮ್ಮನಾಗಿದ್ದಳು.

ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಅವರ ನಿಧನದ ಸುದ್ದಿ ಬಂತು. ದಾನಿಗಳು ತೀರಿಕೊಂಡರೆ ಅವರು ಮೆಚ್ಚಿದ ವಸ್ತುವಿನ ಮುಂದೆ ಒಂದು ದಿನ ಬಿಳಿ ಗುಲಾಬಿ ಇಡುವುದು ಆ ಮ್ಯೂಸಿಯಂನ ರೂಢಿ. ಮನೆಯವರನ್ನು ಕರೆಯುತ್ತಾರೆ; ಆ ಒಂದು ದಿನ ಅವರನ್ನು ವಸ್ತುವಿನ ಸುತ್ತ ಕಟ್ಟಿದ ಹಗ್ಗದ ಒಳಕ್ಕೂ ಬಿಡುತ್ತಾರೆ. ಥ್ಯಾಂಕ್ಸ್ ಮೇಡಂ ಆ ಮನೆಗೆ ಎಷ್ಟು ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಗುಲಾಬಿ ಒಂಟಿಯಾಗಿ ಬೆಳಗಿನಿಂದ ಸಂಜೆಯವರೆಗೂ ಕ್ಯಾಮೆರಾದ ಕಾಲಬುಡದಲ್ಲಿ ಕೂತಿತ್ತು. ಯಾರೂ ಇಲ್ಲದ ಜೀವ ಪಾಪ ಎಂದು ಅವಳು ಕಣ್ಣೊರೆಸಿಕೊಂಡಿದ್ದಳು.

ಈಗ ನೋಡಿದರೆ ಚೆಕ್ಕು. ಲೆಕ್ಕಿಗ ಕಂಪ್ಯೂಟರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅದು ಅವಳು ಕೆಲಸಕ್ಕೆ ಸೇರಿದ ಹೊಸತರ ಸಾಲು. ಒಬ್ಬರೇ ದಾನಿಯ ಹೆಸರು ಎರಡೆರಡು ಕಡೆ ದಾಖಲಾಗಿದ್ದರೆ ಅವನ್ನೆಲ್ಲ ಹುಡುಕಿ ಸೇರಿಸಿಬಿಡಿ ಎಂದು ಅವಳಿಗೆ ಹೇಳಿದ್ದರು. ಈ ಮನೆಯದೂ ಎರಡು ಕಡೆ ಇತ್ತು. ಒಂದೇ ಮನೆತನದ ಹೆಸರು, ಅದರ ಹಿಂದೆ ಅದೇ ಒಂದಕ್ಷರದ ಇನಿಷಿಯಲ್, ಅದೇ ವಿಳಾಸ, ಅದೇ ಫೋನು, ಕೊನೆಗೆ ಅದೇ ಕ್ಯಾಮೆರಾ. ಇಬ್ಬರನ್ನೂ ಒಂದು ಮಾಡಲೇ ಎಂದು ಯಂತ್ರ ಕೇಳಿತ್ತು. ಅವಳು ಹೌದು ಎಂದು ಒತ್ತಿದ್ದಳು.

ಒಬ್ಬರಲ್ಲ, ಇಬ್ಬರು. ಜನವರಿಯವರು ಬೇರೆ, ಜುಲೈಯವರು ಬೇರೆ. ತೀರಿಕೊಂಡದ್ದು ಜನವರಿಯವರು. ಹಾಗಿದ್ದರೆ ಜುಲೈಯವರಿಗೆ ಇಷ್ಟು ವರ್ಷ ಥ್ಯಾಂಕ್ಸ್ ಹೇಳಿದ್ದು ಯಾರು? ಯಾರೂ ಇಲ್ಲ. ಅವಳು ಗಂಟಲು ಹರಿದುಕೊಂಡು ಕೂಗಿದ್ದೆಲ್ಲ ಬೇರೆಯವರ ಕಿವಿಗೆ ಹೋಗಿತ್ತು. ಆದರೂ ಆ ಇನ್ನೊಬ್ಬರು ಒಂದು ಮಾತೂ ಆಡದೆ, ಒಂದು ವರ್ಷವೂ ತಪ್ಪದೆ ಕೊಡುತ್ತಲೇ ಬಂದಿದ್ದರು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ತುಂಬಿದ ಡಬ್ಬಿ ಹಾಗೇ ಮನೆಗೆ ವಾಪಸಾದರೆ ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಡಬ್ಬಿ ಕಟ್ಟುವವರು ಅವರು, ಮೊಮ್ಮಗಳ ತಲೆ ಬಾಚುವವರು ಅವರು, ಲಿಫ್ಟ್ ರಿಪೇರಿ ಮಾಡುವ ಮಗ ಹೊತ್ತಲ್ಲದ ಹೊತ್ತಿನಲ್ಲಿ ಗ್ರೀಸ್ ಮೆತ್ತಿದ ಅಂಗಿಯಲ್ಲಿ ಬಂದರೆ ಸಾಬೂನು ನೆನೆಸಿ ತಿಕ್ಕುವವರೂ ಅವರೇ. ಬಾಯಿ ಮಾತ್ರ ಮೆಣಸಿನಕಾಯಿ. ಸೊಸೆಗೆ ಈ ಕೆಲಸ ಸಿಕ್ಕಾಗ, ಬೇಡೋದಕ್ಕೂ ಸಂಬಳ ಕೊಡ್ತಾರಾ ಎಂದು ಕೇಳಿದ್ದವರು. ಸೊಸೆ ಈಗ ನಡೆದದ್ದನ್ನೆಲ್ಲ ಹೇಳಿಕೊಂಡಾಗ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಒಂದೇ ಮನೆಯಲ್ಲಿ, ಒಂದೇ ಮನೆತನದ ಹೆಸರಿನ ಇಬ್ಬರು ಹೆಂಗಸರು ಎಂದರೆ ಅವರು ಏನಾಗಬೇಕು?

“ಓರಗಿತ್ತಿಯರು” ಎಂದು ಅವರೇ ಉತ್ತರ ಹೇಳಿದರು. “ಅಣ್ಣನ ಹೆಂಡ್ತಿ, ತಮ್ಮನ ಹೆಂಡ್ತಿ. ಎರಡು ಜಡೆ ಒಂದು ಕಡೆ ಸೇರೋಲ್ಲ ಅಂತಾರೆ. ಓರಗಿತ್ತಿಯರನ್ನ ಒಂದು ಮಾಡೋಕೆ ಆ ದೇವರ ಕೈಲೂ ಆಗಿಲ್ಲ. ನೀನು ಒಂದು ಬಟನ್ ಒತ್ತಿ ಮಾಡಿಬಿಟ್ಟೆ.”

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಆ ತೀರಿಕೊಂಡವಳು ಪಕ್ಕಾ ಇದ್ದಳು, ಇನ್ನೊಬ್ಬಳಿಗೆ ಬಂದ ಥ್ಯಾಂಕ್ಸನ್ನೂ ತಾನೇ ನುಂಗಿ ನೀರು ಕುಡಿದಿದ್ದಾಳೆ, ಒಂದು ಸಲವಾದರೂ ಇದು ನನ್ನದಲ್ಲ ಅಂದಳೇ ಎಂದು ತೀರ್ಪು ಕೊಟ್ಟು ಡಬ್ಬಿ ತೊಳೆಯಲು ಹೋದರು. ಆ ಮಾತು ಸೊಸೆಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ತಾನು ಅಷ್ಟು ಇಷ್ಟಪಟ್ಟ ಜನವರಿಯ ದನಿ ಅಂಥದ್ದೇ?

ಮರುದಿನ ಫೋನನ್ನು ಯಾರೂ ಎತ್ತಲಿಲ್ಲ. ತಾನೇ ಹೋಗಿ ಬರುತ್ತೇನೆಂದು ಅವಳು ನಿರ್ದೇಶಕರಿಗೆ ಹೇಳಿದಳು. ನಿರ್ದೇಶಕರು ಕೆಟ್ಟವರಲ್ಲ; ಚಾವಣಿ ಸೋರುವ ಮನೆಯ ಯಜಮಾನ ಹೇಗಿರುತ್ತಾನೋ ಹಾಗಿದ್ದರು. ಮಕ್ಕಳಿಲ್ಲದ ಮನೆ ಇದ್ದಂತಿದೆ, ಹೇಗೂ ಹೋಗುತ್ತಿದ್ದೀರಿ, ಹಾಗೇ ಉಯಿಲಿನ ವಿಷಯವನ್ನೂ ಮೆಲ್ಲಗೆ ತೆಗೆಯಬಹುದಲ್ಲ ಎಂದರು. ಕ್ಷಮೆ ಕೇಳೋಕೆ ಹೋಗ್ತಿದ್ದೀನಿ ಸರ್, ಅದೇ ಚಪ್ಪಲಿಯಲ್ಲಿ ದುಡ್ಡು ಕೇಳೋಕೆ ಆಗಲ್ಲ ಎಂದು ಅವಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಸರಿ, ಆ ಅಮ್ಮನನ್ನು ಕಳಕೊಳ್ಳಬೇಡಿ ಎಂದಷ್ಟೇ ಅಂದರು.

ಇಳಿಜಾರು ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿಗೂ ಬಟ್ಟೆ ಇಸ್ತ್ರಿ ಅಂಗಡಿಗೂ ನಡುವೆ ಆ ಮನೆ. ಬಾಗಿಲ ಪಕ್ಕ ಎರಡು ಕರೆಗಂಟೆ, ಒಂದರ ಮೇಲೆ ‘ಕೆಳಗೆ’, ಇನ್ನೊಂದರ ಮೇಲೆ ‘ಮೇಲೆ’. ಎರಡು ಬೇರೆ ಬೇರೆ ಕೈಯಲ್ಲಿ ಬರೆದಿತ್ತು. ಅವಳು ಮೇಲಿನದನ್ನು ಒತ್ತಿದಳು. ಬಾಗಿಲು ತೆರೆದರೆ ಸಣ್ಣ ಮೊಗಸಾಲೆ. ಎಡಕ್ಕೆ ಕೆಳಮನೆಯ ಬೀಗ ಹಾಕದ ಬಾಗಿಲು, ಎದುರಿಗೆ ಮರದ ಮೆಟ್ಟಿಲು. ಅರ್ಧ ಮೆಟ್ಟಿಲು ಇಳಿದು ನಿಂತಿದ್ದ ಮುದುಕಿ, ಬಿಳಿಯ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು, ಯಾರು ಎನ್ನುವ ಹಾಗೆ ಗದ್ದ ಎತ್ತಿದರು.

ಮ್ಯೂಸಿಯಂನಿಂದ ಬಂದಿದ್ದೇನೆ ಎಂದಳು. ಮುದುಕಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಆ ಕಿರುಚೋರು ನೀವೇನಾ? ಈಗ ನೋಡಿದ್ರೆ ಬಾಯಲ್ಲಿ ಮಾತೇ ಇಲ್ಲ.”

ಮೇಲೆ ಕರೆದು ಕೂರಿಸಿ ಚಹಾ ಕೊಟ್ಟರು. ಕೋಣೆ ಚಿಕ್ಕದು, ಅಚ್ಚುಕಟ್ಟು. ಗೋಡೆಯ ಮೇಲೆ ಒಂದೇ ಫೋಟೋ. ಅರಮನೆಯ ಮೆಟ್ಟಿಲಿನ ಆ ಪರದೆಯ ಮುಂದೆ, ಕೆತ್ತನೆ ಕಾಲಿನ ಆ ಕುರ್ಚಿಯಲ್ಲೇ ಒಬ್ಬ ಹುಡುಗಿ ಗಾಬರಿಯಾಗಿ ಕೂತಿದ್ದಾಳೆ. ಹಿಂದೆ ನಿಂತ ಇನ್ನೊಬ್ಬಳು ಅವಳ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ. ಥ್ಯಾಂಕ್ಸ್ ಮೇಡಂ ಚಹಾ ಮುಟ್ಟದೆ, ಬರುವ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಇಬ್ಬರನ್ನು ಒಬ್ಬರೆಂದುಕೊಂಡದ್ದು, ಇಷ್ಟು ವರ್ಷ ತಮಗೆ ಒಂದೇ ಒಂದು ಸಲವೂ ಥ್ಯಾಂಕ್ಸ್ ಹೇಳದೇ ಹೋದದ್ದು, ದಯವಿಟ್ಟು ಕ್ಷಮಿಸಬೇಕು ಎಂಬುದು.

ಮುದುಕಿಗೆ ಅರ್ಥವಾಗಲಿಲ್ಲ. ಥ್ಯಾಂಕ್ಸ್ ಬರಲಿಲ್ಲ ಅಂತ ಯಾರು ಹೇಳಿದ್ದು ಎಂದು ಕೇಳಿದರು. ಪ್ರತಿ ಜುಲೈ ಬರುತ್ತಿತ್ತಲ್ಲ. ಫೋನು ಕೆಳಗಿನದು, ಮೇಲೆ ಇಲ್ಲ. ಅದರಲ್ಲಿ ನಿಮ್ಮ ದನಿ ಮೆಟ್ಟಿಲ ತುಂಬ ಮೊಳಗುತ್ತಿತ್ತು. ನಾನು ಒಲೆ ಆರಿಸಿ ಮೆಟ್ಟಿಲ ತುದಿಗೆ ಬಂದು ನಿಂತು ಕೇಳುತ್ತಿದ್ದೆ. ಕ್ಯಾಮೆರಾ ಚೆನ್ನಾಗಿದೆ ಅನ್ನುವ ಮಾತು ಬಂದಮೇಲೆ ಒಳಗೆ ಹೋಗುತ್ತಿದ್ದೆ. ವರ್ಷಕ್ಕೊಂದು ಸಲ ಅಷ್ಟು ಕೇಳಿದರೆ ಸಾಕಿತ್ತು ನನಗೆ ಎಂದರು.

ಆಮೇಲೆ ಅವರು ಜಗಳದ ಕಥೆ ಹೇಳಿದರು. ಹೇಳುವುದಕ್ಕೆ ಜನ ಸಿಕ್ಕದೆ ಬಹಳ ದಿನವಾಗಿತ್ತೆಂದು ಕಾಣುತ್ತದೆ, ಕೇಳುವ ಮೊದಲೇ ಹೇಳಿದರು. ಅಣ್ಣ ತಮ್ಮ ಸೇರಿ ಸ್ಟುಡಿಯೋ ನಡೆಸುತ್ತಿದ್ದರು. ಅಣ್ಣ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ, ತಮ್ಮ ಕೂತವರನ್ನು ನಗಿಸುವವನು. ಇಬ್ಬರೂ ಒಬ್ಬರ ಹಿಂದೊಬ್ಬರು ಹೋದಮೇಲೆ ಹಿರಿಯಾಕೆ ಕ್ಯಾಮೆರಾ, ಪರದೆ, ಕುರ್ಚಿ ಎಲ್ಲವನ್ನೂ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಕೊಟ್ಟದ್ದು ತಪ್ಪಲ್ಲ, ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತಿತ್ತು. ಆದರೆ ಕಿರಿಯಾಕೆಯಾದ ಈ ಮುದುಕಿಯನ್ನು ಒಂದು ಮಾತು ಕೇಳಲಿಲ್ಲ. ಕಿರಿಯಾಕೆ ಆಡಬಾರದ ಮಾತು ಆಡಿದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಹಾಗೆ, ಅಂದಿನಿಂದ ಇಬ್ಬರ ಬಾಯಿಗೂ ಬೀಗ. ಮೇಲಿನವರು ಇಳಿಯುವ ಸದ್ದಾದರೆ ಕೆಳಗಿನವರು ಬಾಗಿಲು ಮುಚ್ಚುವರು.

“ಏಪ್ರಿಲ್‌ನಲ್ಲಿ ಅವಳ ತವರಿನ ಹುಡುಗರು ಬಂದು ಆಸ್ಪತ್ರೆಗೆ ಕರ್ಕೊಂಡ್ ಹೋದ್ರು” ಎಂದರು. “ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ನಾಳೆ ಹೋಗಿ ನೋಡಿದ್ರಾಯ್ತು ಅಂದ್ಕೊಂಡೆ. ಅವಳು ಕೊನೇವರೆಗೂ ನನಗೆ ಮುಖ ಕೊಡ್ಲಿಲ್ಲ. ಹಾಗೇ ಹೋದ್ಲು.”

ಥ್ಯಾಂಕ್ಸ್ ಮೇಡಂ ಸುಮ್ಮನಿರಲಾರದೆ, ಪಾಪ ಅವರಿಗೆ ಕಿವಿಯ ತೊಂದರೆ ಬೇರೆ ಇತ್ತು, ಜುಲೈನಲ್ಲಂತೂ ಏನೂ ಕೇಳಿಸುತ್ತಿರಲಿಲ್ಲ, ಅದಕ್ಕೇ ನಾನು ಅಷ್ಟು ಕೂಗುತ್ತಿದ್ದದ್ದು ಎಂದಳು.

ಮುದುಕಿ ಚಹಾದ ಲೋಟ ಕೆಳಗಿಟ್ಟರು.

“ಯಾರಿಗೆ, ಅಕ್ಕನಿಗಾ? ಇಲ್ಲಿ ಚಮಚ ಬಿದ್ರೆ ಯಾವ ಮೂಲೆಗೆ ಬಿತ್ತು ಅಂತ ಕೆಳಗೆ ಕೂತೇ ಹೇಳ್ತಿದ್ಲು ಅವಳು. ಆಸ್ಪತ್ರೆಗೆ ಹೋಗೋ ದಿನದವರೆಗೂ ರೇಡಿಯೋ ನನಗೆ ಕೇಳಿಸದಷ್ಟು ಸಣ್ಣಗೆ ಹಚ್ಕೋತಿದ್ಲು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಜನವರಿಯಲ್ಲಿ ಪಿಸುಮಾತು ಕೇಳಿಸುತ್ತಿದ್ದ ಕಿವಿ. ಜುಲೈನಲ್ಲಿ ಇನ್ನೂ ಜೋರಾಗಿ, ಇನ್ನೂ ಜೋರಾಗಿ. ಕೊನೆಗೆ, ತಲುಪ್ತು.

ಮುದುಕಿ ಎದ್ದು ಕೆಳಗಿಳಿದರು. ಥ್ಯಾಂಕ್ಸ್ ಮೇಡಂ ಹಿಂದೆಯೇ ಹೋದಳು. ಕೆಳಮನೆಯ ಬಾಗಿಲನ್ನು ಅವರು ದೂಡಿದ ರೀತಿ ನೋಡಿದರೆ, ಹಲವು ವರ್ಷಗಳಲ್ಲಿ ಇದೇ ಮೊದಲೆಂದು ಗೊತ್ತಾಗುತ್ತಿತ್ತು. ಒಳಗೆ ಮಂಚದ ತಲೆದೆಸೆಗೆ ಒಂದು ಸ್ಟೂಲು, ಅದರ ಮೇಲೆ ಫೋನು. ಕೈಯಲ್ಲಿ ಹಿಡಿಯದೆಯೂ ಮಾತು ಹೊರಗೆ ಕೇಳುವ ಹಾಗೆ ಗುಂಡಿ ಇರುವಂಥದ್ದು. ಫೋನಿನ ತಂತಿಗೆ ಇನ್ನೊಂದು ತಂತಿ ಸೇರಿಸಿ ಕಪ್ಪು ಟೇಪು ಸುತ್ತಿ, ಉದ್ದ ಮಾಡಿ, ಮಂಚದ ಕಾಲಿಗೆ ಸುತ್ತಿಟ್ಟಿದ್ದರು. ಮುದುಕಿ ಆ ಸುತ್ತು ಬಿಚ್ಚಿ, ಸ್ಟೂಲನ್ನು ನೆಲದ ಮೇಲೆ ಎಳೆದುಕೊಂಡು ಹೊರಟರು. ತಂತಿ ಸರಿಯಾಗಿ ಮೆಟ್ಟಿಲ ಬುಡದವರೆಗೆ ಬಂತು. ಅಲ್ಲಿಗೆ ಮುಗಿಯಿತು.

ಫೋನು ಎಳ್ಕೊಂಡು ಗಾಳಿಗೆ ಕೂರೋಕೆ ಹೊರಗೆ ಬರ್ತಾಳೆ ಅಂದ್ಕೊಂಡಿದ್ದೆ ಎಂದರು ಮುದುಕಿ. ನಿಮ್ಮ ರಸೀದಿ ಮೆಟ್ಟಿಲ ಮೇಲೆ ಇರುತ್ತಿತ್ತು, ಪೋಸ್ಟಿನವನು ಇಟ್ಟು ಹೋಗುತ್ತಾನೆ ಅಂದ್ಕೊಂಡಿದ್ದೆ, ಪೋಸ್ಟಿನವನು ಒಳಗೆ ಹೇಗೆ ಬಂದಾನು ಅಂತ ಒಂದು ದಿನವೂ ಯೋಚನೆ ಮಾಡಲಿಲ್ಲ ಎಂದರು. ಹೇಳುತ್ತ ಹೇಳುತ್ತ ಮೂರನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಥ್ಯಾಂಕ್ಸ್ ಮೇಡಂ ಅವರ ಪಕ್ಕ ಕೂತಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಆ ಹಿರಿಯಾಕೆ ಹಾಗೆ ಮಾಡಿದ್ದರು. ಹಟ ಬಿಟ್ಟಿರಲಿಲ್ಲ, ಮಾತು ಆಡಿರಲಿಲ್ಲ, ಆದರೆ ಬೇರೆಯವರ ಪಾಲಿನ ಥ್ಯಾಂಕ್ಸನ್ನು ಒಂದು ಹನಿಯೂ ಇಟ್ಟುಕೊಂಡಿರಲಿಲ್ಲ. ಒಂದು ಕಚೇರಿಯನ್ನೇ ಕಿರುಚಿಸಿ, ತಾನು ಕಿವುಡಿ ಅನ್ನಿಸಿಕೊಂಡು, ಮೆಟ್ಟಿಲ ತುದಿಗೆ ಮುಟ್ಟಿಸಿದ್ದರು. ತನ್ನ ಇಷ್ಟು ವರ್ಷದ ಕೆಲಸದಲ್ಲಿ ಅವಳು ಇಂಥ ಇನ್ನೊಬ್ಬ ಕೆಲಸಗಾರ್ತಿಯನ್ನು ಕಂಡಿರಲಿಲ್ಲ. ನುಂಗಿದಳು ಎಂಬ ಮಾತನ್ನು ಒಂದು ರಾತ್ರಿಯಾದರೂ ನಂಬಿದ್ದಕ್ಕೆ ನಾಚಿಕೆಯಾಯಿತು.

“ಮುಖ ಕೊಡ್ಲಿಲ್ಲ ಅಂದೆನಲ್ಲ” ಎಂದು ಮುದುಕಿ ತಮ್ಮಷ್ಟಕ್ಕೇ ಅಂದುಕೊಂಡರು. “ನಾನು ಮೇಲೆ ನಿಂತು ಕೇಳ್ತೀನಿ ಅಂತ ಅವಳಿಗೆ ಗೊತ್ತಿತ್ತು. ನಾನೊಂದು ಸಲ ಇಳಿದು ಬರಬಹುದಿತ್ತು.”

ಥ್ಯಾಂಕ್ಸ್ ಮೇಡಂ ಬಳಿ ಕೊಡುವುದಕ್ಕೆ ಇದ್ದದ್ದು ಒಂದು ಗುಲಾಬಿ, ಒಂದು ಹಗ್ಗ. ಏಪ್ರಿಲ್‌ನಲ್ಲಿ ಇಟ್ಟ ಹೂವನ್ನು ಮನೆಯವರು ಯಾರೂ ನೋಡಲಿಲ್ಲ, ಇನ್ನೊಂದು ಸಲ ಇಡುತ್ತೇವೆ, ತಾವು ಬರುತ್ತೀರಾ ಎಂದು ಕೇಳಿದಳು. ಆ ಮನೆಯಲ್ಲಿ ಅವಳು ಕೇಳಿದ್ದು ಅದೊಂದೇ.

ಅದೇ ವಾರ ಮುದುಕಿ ಬಂದರು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಚೀಲವಿಲ್ಲ, ಏನೂ ಇಲ್ಲ. ಮ್ಯೂಸಿಯಂಗೆ ಅವರು ಹಿಂದೆಂದೂ ಬಂದಿರಲಿಲ್ಲ. ಬಂದರೆ ಅಕ್ಕ ಕೊಟ್ಟದ್ದನ್ನು ಒಪ್ಪಿದಂತಾಗುತ್ತದೆ ಎಂದು ಬಂದಿರಲಿಲ್ಲವಂತೆ. ಮೇಲಂತಸ್ತಿನಲ್ಲಿ ಕ್ಯಾಮೆರಾದ ಕಾಲಬುಡಕ್ಕೆ ಹೊಸ ಗುಲಾಬಿ ಬಂದಿತ್ತು. ಶ್ಶಣ್ಣ ಹಗ್ಗ ಸರಿಸಿ ಪಕ್ಕಕ್ಕೆ ನಿಂತ. ಅವರು ಕ್ಯಾಮೆರಾವನ್ನು ಒಂದು ಸುತ್ತು ಬಂದು ನೋಡಿದರು. ಕೆಂಪು ಚರ್ಮದ ಮಡಿಕೆಗಳನ್ನು, ಬೆರಳು ತಾಗಿಸದೆ, ಹತ್ತಿರದಿಂದ ನೋಡಿದರು. ಒಂದು ಬಿರುಕೂ ಇರಲಿಲ್ಲ. ಆಮೇಲೆ ಪರದೆಯ ಕಡೆ ಹೋಗಿ, ಅನುಮತಿ ಕೇಳುವ ಹಾಗೆ ಇವಳ ಮುಖ ನೋಡಿ, ಇವಳು ತಲೆಯಾಡಿಸಿದ ಮೇಲೆ, ಫೋಟೋದಲ್ಲಿ ಕೂತಿದ್ದ ಹಾಗೆಯೇ ಆ ಕುರ್ಚಿಯಲ್ಲಿ ಕೂತರು. ಅವರ ಬೆನ್ನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು.

ಪಕ್ಕದ ಕೋಣೆಯಲ್ಲಿ ಯಾರೋ ನೋಡುಗರು ಪಿಸುಪಿಸು ಮಾತಾಡುತ್ತಿದ್ದರು.

“ಅಕ್ಕಾ” ಎಂದು ಮುದುಕಿ ಕೂಗಿದರು. ಪಿಸುಪಿಸು ನಿಂತಿತು. “ಅಕ್ಕಾ, ತಲುಪ್ತು. ಎಲ್ಲಾನೂ ತಲುಪ್ತು. ಥ್ಯಾಂಕ್ಸ್.”

ಮೂರು ಕೋಣೆ ದಾಟಿ, ಮೆಟ್ಟಿಲಿಳಿದು ಟಿಕೆಟ್ ಕಿಟಕಿಯವರೆಗೂ ಆ ದನಿ ಹೋಯಿತೆಂದು ಆಮೇಲೆ ಎಲ್ಲರೂ ಹೇಳಿದರು. ಶ್ಶಣ್ಣನ ಬೆರಳು ರೂಢಿಯ ಬಲದಿಂದ ತುಟಿಯವರೆಗೆ ಹೋಗಿತ್ತು. ಅಲ್ಲಿಂದ ಹಾಗೇ ಕಣ್ಣಿಗೆ ಹೋಯಿತು.

ಮುದುಕಿ ಅವನನ್ನು ನೋಡಿದರು. ಅವನಿಗೆ ಉತ್ತರ ಕೊಡಬೇಕೆನ್ನಿಸಿತೇನೋ.

“ಜೋರಾಗೇ ಹೇಳ್ಬೇಕಪ್ಪ” ಎಂದರು. “ಜುಲೈನಲ್ಲಿ ಅವಳಿಗೆ ಕಿವಿ ಕೇಳಿಸಲ್ಲ.”

ಬಾಗಿಲವರೆಗೆ ಬಿಡಲು ಹೋದಾಗ ಥ್ಯಾಂಕ್ಸ್ ಮೇಡಂ, ಕಂಪ್ಯೂಟರಿನಲ್ಲಿ ಇನ್ನು ಇಬ್ಬರನ್ನೂ ಬೇರೆ ಬೇರೆ ಮಾಡಿಸುತ್ತೇನೆ, ಆ ತಪ್ಪು ಮತ್ತೆ ಆಗುವುದಿಲ್ಲ ಎಂದಳು. ಮುದುಕಿ ಬೇಡವೆಂದರು. ಮನೆಯಲ್ಲಿ ಆಗದ್ದು ನಿಮ್ಮ ಪೆಟ್ಟಿಗೆಯಲ್ಲಾದರೂ ಆಗಿದೆ, ಹಾಗೇ ಇರಲಿ ಬಿಡಿ ಎಂದರು. ಜನವರಿಯಲ್ಲೂ ಫೋನ್ ಮಾಡಿ, ಈಗ ಎತ್ತುತ್ತೇನೆ, ಕಿರುಚುವುದು ಬೇಡ ಎಂದೂ ಹೇಳಿ ಇಳಿಜಾರಿನ ಕಡೆ ನಡೆದರು. ಬದುಕಿರುವವರನ್ನೂ ಸತ್ತವರನ್ನೂ ಒಂದೇ ಸಾಲಿನಲ್ಲಿ ಹೇಗೆ ಇಡುವುದು ಎಂದು ಲೆಕ್ಕಿಗ ತಲೆ ಕೆರೆದುಕೊಂಡ. ಇಡು, ಯಾರಿಗೇನು ನಷ್ಟ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಆಮೇಲೆ ಅವಳು ಊಟದ ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆದಳು. ಡಬ್ಬಿ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಮುಚ್ಚಳದ ಮೇಲೆ, ಸೋರದಿರಲೆಂದು, ಎಂದಿನಂತೆ ಬಟ್ಟೆಯ ಚೂರನ್ನು ಎರಡು ಸುತ್ತು ಬಿಗಿಯಾಗಿ ಕಟ್ಟಿತ್ತು. ಅವಳು ಆ ಗಂಟು ನೋಡುತ್ತ ಕೂತಳು. ಪ್ರತಿದಿನ ಬಿಚ್ಚುತ್ತಿದ್ದ ಗಂಟೇ. ಮಗಳು ಹುಟ್ಟಿದ ಮೇಲೆ ನೀನು ಕೆಲಸಕ್ಕೆ ಹೋಗು, ಮಗು ನನಗಿರಲಿ ಎಂದು ಅಂದವರ ಕೈಯ ಗಂಟು. ಊರಿನವರಿಗೆಲ್ಲ ಥ್ಯಾಂಕ್ಸ್ ಹೇಳಿ ಹೆಸರು ತೆಗೆದುಕೊಂಡವಳು, ಯಾರೊಬ್ಬರನ್ನೂ ಬಿಟ್ಟಿಲ್ಲ ಎಂದು ಬೀಗಿದವಳು, ಫೋನು ಕೈಗೆತ್ತಿಕೊಂಡಳು.

ಈ ಹೊತ್ತಿನಲ್ಲಿ ಸೊಸೆಯ ಫೋನು ಬಂದದ್ದಕ್ಕೆ ಅತ್ತೆಗೆ ಗಾಬರಿ. ಏನಾಯಿತು, ಯಾರಿಗೇನಾಯಿತು ಎಂದರು. ಯಾರಿಗೂ ಏನೂ ಆಗಿಲ್ಲ ಎಂದಳು. ದನಿ ಸಣ್ಣಗಾಗಿತ್ತು.

“ಅತ್ತೆ, ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ. ಡಬ್ಬಿಗೆ. ಮಗಳಿಗೆ. ಎಲ್ಲದಕ್ಕೂ.”

ಅತ್ತೆಗೆ ಸೊಸೆಯ ಕಸುಬು ಚೆನ್ನಾಗಿ ಗೊತ್ತಿತ್ತು.

“ಏನು ಬೇಕಿತ್ತು?” ಎಂದರು.

“ಏನೂ ಬೇಡ.”

“ಹಾಗಾದ್ರೆ ಇನ್ನೊಂದು ಸಲ ಹೇಳು” ಎಂದರು ಅತ್ತೆ. “ಒಲೆ ಮೇಲೆ ಹಾಲಿದೆ, ಸರಿಯಾಗಿ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ.”

ಥ್ಯಾಂಕ್ಸ್ ಮೇಡಂ ಕುರ್ಚಿಯಿಂದ ಎದ್ದು ನಿಂತಳು.